ಕೊರಿಯಾದ ಬಾದುಕ್, ನಮ್ಮ ಬದುಕು



ಹೋದ ಸಂಚಿಕೆಯಲ್ಲಿ ಹಪ್ಪಳದ ಹಿಟ್ಟಿನ ಹದದ ಬಗ್ಗೆ ಬರೆದಿದ್ದಕ್ಕೆ ಒಂದು ಕಟ್ಟು ಕಾಗದ ಬಂದಿದೆ. ಎಲ್ಲವನ್ನೂ ಓದಿದ್ದೇನೆ, ಉತ್ತರ ಮುಂದಿನ ಸಲ. ಈ ಸಲ ಆ ಕಟ್ಟಿನೊಳಗೆ ಹಪ್ಪಳದ ಸುದ್ದಿಯೇ ಇಲ್ಲದೆ ಬಂದ ಒಂದೇ ಒಂದು ಕಾಗದದ ವಿಷಯ ಹೇಳಬೇಕು. ಚಿಂತಾಮಣಿಯಿಂದ ಒಬ್ಬ ತಾಯಿ ಬರೆದದ್ದು. ಅವರ ಮಗಳು ಹತ್ತನೇ ತರಗತಿ ಮುಗಿಸಿ ಪಿ.ಯು.ಸಿ. ಸೇರಿದ್ದಾಳೆ. ಆರನೇ ತರಗತಿಯಿಂದ ಚೆಸ್ ಆಡುತ್ತಾಳಂತೆ, ಜಿಲ್ಲಾ ಮಟ್ಟದಲ್ಲಿ ಎರಡು ಕಪ್ಪು ತಂದಿದ್ದಾಳಂತೆ. "ಇನ್ನು ಮೇಲೆ ಗಂಡು ಹುಡುಗರ ಎದುರಿಗೆ ಕೂತು ಗಂಟೆಗಟ್ಟಲೆ ಆಡೋದು ಬೇಡ, ಓದು ಮುಖ್ಯ ಅಂತ ಮನೇಲಿ ಎಲ್ಲರೂ ಹೇಳಿದರು. ಬೋರ್ಡನ್ನು ಅಟ್ಟದ ಮೇಲೆ ಇಟ್ಟಿದ್ದೀವಿ. ಹುಡುಗಿ ಅಳಲಿಲ್ಲ, ಜಗಳವಾಡಲಿಲ್ಲ. ಆದರೆ ಅವತ್ತಿನಿಂದ ಮಾತು ಕಮ್ಮಿ ಮಾಡಿಬಿಟ್ಟಿದ್ದಾಳೆ. ನಾನು ಮಾಡಿದ್ದು ಸರೀನಾ ಅಕ್ಕಾ?" ಎಂದು ಕೇಳಿದ್ದಾರೆ.

ಸೀರೆಯ ಮೇಲಿನ ಎಣ್ಣೆ ಕಲೆಗೆ ಉಪಾಯ ಕೇಳಿದರೆ ನಿಂತ ಕಾಲಲ್ಲಿ ಹೇಳಿಬಿಡುತ್ತೇನೆ. ಇದಕ್ಕೆ ಏನು ಹೇಳಲಿ? ಎರಡು ದಿನ ಕಾಗದವನ್ನು ಸಾಸಿವೆ ಡಬ್ಬಿಯ ಕೆಳಗೇ ಇಟ್ಟುಕೊಂಡಿದ್ದೆ.

ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಬೇಸಿಗೆ ರಜೆ ಬಂತೆಂದರೆ ಅಜ್ಜಿ ಮನೆಯ ಜಗಲಿ ನಮ್ಮದು. ಅಜ್ಜಿಯ ಜೊತೆ ಚೌಕಾಬಾರ, ಅಳಗುಳಿಮಣೆ. ಅಣ್ಣನ ಜೊತೆ ಹುಲಿ-ಕುರಿ ಆಟ. ಯಾವಾಗಲೂ ಅಣ್ಣನಿಗೇ ಹುಲಿ, ನನಗೆ ಕುರಿ. ಕುರಿಗಳನ್ನು ಮೆಲ್ಲಗೆ ಒಂದರ ಹಿಂದೆ ಒಂದು ನಿಲ್ಲಿಸಿ ಹುಲಿಗೆ ಮಿಸುಕಾಡಲು ಜಾಗವಿಲ್ಲದಂತೆ ಕಟ್ಟಿಹಾಕುವುದು ನನಗೆ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಅಣ್ಣ ಸಿಟ್ಟಿಗೆದ್ದು ಕಲ್ಲುಗಳನ್ನು ಅಂಗಳಕ್ಕೆ ಎಸೆದುಬಿಡುತ್ತಿದ್ದ. ಆಮೇಲೆ ನಾನು ದೊಡ್ಡವಳಾದೆ. "ಜಗಲಿ ಮೇಲೆ ಕೂತು ಏನೇ ಆಟ, ಒಳಗೆ ನಡಿ" ಎಂದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅಷ್ಟೇ, ಆಟ ನಿಂತುಹೋಯಿತು. ನಾನೂ ಅಳಲಿಲ್ಲ.

ಈಗ ನಮ್ಮ ಬೈಯಪ್ಪನಹಳ್ಳಿಯಲ್ಲಿ ಸಂಜೆ ಐದು ಗಂಟೆಗೆ ಪಾರ್ಕಿಗೆ ಬಂದು ನೋಡಿ. ಒಂದು ಕಲ್ಲುಬೆಂಚಿನ ಮೇಲೆ ರಿಟೈರಾದ ಗಂಡಸರು ಚೆಸ್ ಹರವಿಕೊಂಡಿರುತ್ತಾರೆ, ಇನ್ನೊಂದರ ಮೇಲೆ ಇಸ್ಪೀಟು. ಸುತ್ತ ನಿಂತು ಬುದ್ಧಿ ಹೇಳುವವರು ಬೇರೆ. ಆ ಕಡೆ ಮೂಲೆಯಲ್ಲಿ ನಾವು ಹೆಂಗಸರು. ಕೈಯಲ್ಲಿ ಹುರುಳಿಕಾಯಿ ಬುಟ್ಟಿ, ನಾರು ತೆಗೆಯುತ್ತಾ ಸೊಸೆಯಂದಿರ ಸುದ್ದಿ. ಮೇಲೆ ಮೆಟ್ರೋ ರೈಲು ಹತ್ತು ಹತ್ತು ನಿಮಿಷಕ್ಕೆ ಸುಯ್ಯೆಂದು ಹೋಗುತ್ತದೆ. ನಾವಿಬ್ಬರೂ, ಅಂದರೆ ಆ ಬೆಂಚೂ ಈ ಮೂಲೆಯೂ, ಅಲ್ಲಲ್ಲೇ ಇದ್ದೇವೆ.

ನನ್ನ ಮಗಳಿಗೆ ಕೊರಿಯಾದ ಧಾರಾವಾಹಿಗಳ ಹುಚ್ಚು. ನಿಮ್ಮ ಮನೆಯಲ್ಲೂ ಇದ್ದೀತು. ಮೊದಮೊದಲು ನಾನು ಗೊಣಗುತ್ತಿದ್ದೆ, ಈಗ ನಾನೂ ಪಕ್ಕದಲ್ಲಿ ಕೂರುತ್ತೇನೆ. ಅದರಲ್ಲಿ 'ರಿಪ್ಲೈ 1988' ಎಂದು ಒಂದಿದೆ. ಥೇಟ್ ನಮ್ಮ ಹಳೇ ವಠಾರದ ಕಥೆ. ಒಂದು ಮನೆಯಲ್ಲಿ ಪಲ್ಯ ಮಾಡಿದರೆ ಐದು ಮನೆಗೂ ತಟ್ಟೆ ಓಡಾಡುತ್ತದೆ, ಖಾಲಿ ತಟ್ಟೆ ವಾಪಸು ಬರುವ ಹಾಗಿಲ್ಲ! ಆ ಓಣಿಯಲ್ಲಿ ಒಬ್ಬ ಮೌನಿ ಹುಡುಗ. ಊಟ ತಿಂಡಿ ಮರೆತು ಹಲಗೆಯ ಮೇಲೆ ಕರಿ ಕಲ್ಲು ಬಿಳಿ ಕಲ್ಲು ಇಡುತ್ತಾ ಕೂರುತ್ತಾನೆ, ಅದರಿಂದಲೇ ದುಡಿಯುತ್ತಾನೆ. ಓಣಿಯ ತಾಯಂದಿರೆಲ್ಲ ಅವನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ.

"ಇದ್ಯಾವ ಆಟವೇ?" ಎಂದೆ.

"ಬಾದುಕ್ ಅಂತಮ್ಮ."

ಒಳಗಿಂದ ನಮ್ಮ ಅತ್ತೆಯವರು, "ಏನಂದಳು? ಬದುಕೇ?" ಎಂದರು. ನಾವಿಬ್ಬರೂ ನಕ್ಕೆವು. ಆಮೇಲೆ ನಾನು, "ಅಲ್ಲಾ ಕಣೆ, ಈ ಆಟ ಹುಡುಗಿಯರು ಆಡಲ್ವಾ?" ಎಂದೆ. ಮಗಳು ಹುಡುಕಿದಳು. ಸಿಕ್ಕಿದ್ದನ್ನೆಲ್ಲ ಓದಿ ಹೇಳಿದಳು, ನಾನು ಚಪಾತಿ ಲಟ್ಟಿಸುತ್ತಾ ಕೇಳಿದೆ. ಆಮೇಲೆ ಬಿಡದೆ ಹದಿನೈದು ದಿನ ಅದೇ ನಮ್ಮ ಮಾತು.

ಆಟವನ್ನು ಮೊದಲು ಹೇಳಿಬಿಡುತ್ತೇನೆ, ನಮಗೆ ಬಹಳ ಸುಲಭವಾಗಿ ಅರ್ಥವಾಗುತ್ತದೆ. 19 ಚುಕ್ಕಿ 19 ಸಾಲಿನ ನೇರ ರಂಗೋಲಿ ಹಾಕಿ, ಅಡ್ಡ ಉದ್ದ ಗೆರೆ ಎಳೆಯಿರಿ. ಒಟ್ಟು 361 ಚುಕ್ಕಿ. ಒಬ್ಬರಿಗೆ ಕರಿ ಕಲ್ಲು, ಒಬ್ಬರಿಗೆ ಬಿಳಿ. ಸರದಿಯ ಪ್ರಕಾರ ಒಂದೊಂದೇ ಕಲ್ಲನ್ನು ಚುಕ್ಕಿಯ ಮೇಲೆ ಇಡಬೇಕು. ಚೆಸ್ಸಿನ ಹಾಗೆ ಇಟ್ಟ ಕಲ್ಲನ್ನು ಆಮೇಲೆ ಸರಿಸುವಂತಿಲ್ಲ. ಇಟ್ಟದ್ದು ಇಟ್ಟಲ್ಲೇ. ಪ್ರತಿ ಕಲ್ಲಿಗೂ ನಾಲ್ಕು ದಿಕ್ಕಿಗೆ ಉಸಿರಾಡಲು ಜಾಗವಿರುತ್ತದೆ. ನಾಲ್ಕೂ ಕಡೆ ಎದುರಾಳಿ ಮುಚ್ಚಿದರೆ ಆ ಕಲ್ಲು ಸತ್ತಂತೆ, ಎತ್ತಿ ಹೊರಗಿಡುತ್ತಾರೆ. ಆದರೆ ಒಂದು ಗುಂಪಿನ ಒಳಗೆ ಬೇರೆ ಬೇರೆಯಾಗಿ ಎರಡು ಕಿಂಡಿ ಉಳಿಸಿಕೊಂಡರೆ ಅದನ್ನು ಯಾರೂ ಕೊಲ್ಲಲಾರರು. ಕೊನೆಗೆ ಯಾರು ಹೆಚ್ಚು ಜಾಗ ಸುತ್ತುಹಾಕಿದ್ದಾರೋ ಅವರು ಗೆದ್ದ ಹಾಗೆ. ಮೊದಲು ಆಡುವ ಕರಿಯವರಿಗೆ ಅನುಕೂಲ ಹೆಚ್ಚೆಂದು ಬಿಳಿಯವರಿಗೆ ಆರೂವರೆ ಅಂಕ ಮೊದಲೇ ಕೊಟ್ಟಿರುತ್ತಾರೆ. ಹೀಗೆ ಗೆದ್ದ ಜಾಗವನ್ನು ಕೊರಿಯಾದವರು ಏನೆಂದು ಲೆಕ್ಕ ಹಾಕುತ್ತಾರೆ ಗೊತ್ತೇ? 'ಇಷ್ಟು ಮನೆ' ಎಂದು! ನಾವು ಚೌಕಾಬಾರದಲ್ಲಿ 'ಮನೆ' ಎನ್ನುವುದಿಲ್ಲವೇ, ಹಾಗೇ.

ನನಗೆ ನಮ್ಮ ಹುಲಿ-ಕುರಿ ನೆನಪಾಯಿತು. ಸುತ್ತುವರಿದು ಉಸಿರು ಕಟ್ಟಿಸುವುದು ಅಲ್ಲೂ ಇದೆ, ಇಲ್ಲೂ ಇದೆ.

ಹುಟ್ಟಿದ್ದು ಚೀನಾದಲ್ಲಿ, ಅಲ್ಲಿ ಇದಕ್ಕೆ ವೇಚಿ ಎನ್ನುತ್ತಾರೆ. ಜಪಾನಿನಲ್ಲಿ ಇಗೋ. ಹೊರ ಪ್ರಪಂಚಕ್ಕೆಲ್ಲ 'ಗೋ' ಎಂದೇ ಗೊತ್ತು. ಕೊರಿಯಾದಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿಗೆ ಒಂದರಿಂದ ಒಂಬತ್ತರವರೆಗೆ ದರ್ಜೆ ಇದೆ, ಅದಕ್ಕೆ 'ದಾನ್' ಎನ್ನುತ್ತಾರೆ. ಆ ಕಸುಬಿಗೆ ಸೇರಬೇಕಾದರೆ ಕಠಿಣ ಆಯ್ಕೆಯ ಪಂದ್ಯಗಳನ್ನು ಗೆಲ್ಲಬೇಕು, ಗೆದ್ದು ಒಳಗೆ ಬರುವವರು ವರ್ಷಕ್ಕೆ ಬೆರಳೆಣಿಕೆಯಷ್ಟು. ಮಕ್ಕಳು ಅದಕ್ಕಾಗಿ ಗುರುಗಳ ಶಾಲೆ ಸೇರಿ ಬೆಳಗಿನಿಂದ ರಾತ್ರಿಯವರೆಗೆ ಕಲ್ಲು ಇಡುತ್ತಾರೆ. ನಮ್ಮಲ್ಲಿ ಸಂಗೀತದವರು ಗುರುಕುಲದಲ್ಲಿ ಕಲಿಯುತ್ತಿದ್ದರಲ್ಲ, ಆ ರೀತಿ.

ಚೋಯ್ ಜಂಗ್ ಹುಟ್ಟಿದ್ದು 1996ರಲ್ಲಿ, ಬೊರಿಯೊಂಗ್ ಎಂಬ ಸಮುದ್ರ ದಡದ ಊರಿನಲ್ಲಿ. ಯೂ ಚಾಂಗ್‌ಹ್ಯುಕ್ ಎಂಬ ದೊಡ್ಡ ಆಟಗಾರರ ಶಾಲೆಯಲ್ಲಿ ಕಲಿತಳು. 2010ರಲ್ಲಿ, 13 ವರ್ಷಕ್ಕೆ, ವೃತ್ತಿ ಆಟಗಾರ್ತಿಯಾದಳು. 13 ವರ್ಷ ಎಂದರೆ ನಮ್ಮ ಮಕ್ಕಳು ಎಂಟನೇ ತರಗತಿಯಲ್ಲಿ ಜ್ಯಾಮಿಟ್ರಿ ಬಾಕ್ಸ್ ಕಳೆದುಕೊಂಡು ಬರುವ ವಯಸ್ಸು. 15ರಲ್ಲಿ ಹೆಂಗಸರ 'ಮ್ಯಂಗಿನ್' ಪಟ್ಟ ಗೆದ್ದವಳು 2012ರಿಂದ 2016ರವರೆಗೆ ಐದು ಸಲ ಸತತವಾಗಿ ಅದನ್ನು ಯಾರಿಗೂ ಬಿಡಲಿಲ್ಲ. 2013ರ ಡಿಸೆಂಬರಿನಲ್ಲಿ ಕೊರಿಯಾದ ಹೆಂಗಸರ ಪಟ್ಟಿಯಲ್ಲಿ ಮೊದಲನೆಯವಳಾದಳು, ಆ ಜಾಗವನ್ನು ಹತ್ತು ವರ್ಷ ಕಾಪಾಡಿಕೊಂಡಳು. 2018ರಲ್ಲಿ ಒಂಬತ್ತನೇ ದಾನ್. ಸಂಸಾರದಲ್ಲಿ ಹತ್ತು ವರ್ಷ ಒಂದೇ ರುಚಿಯ ಸಾರು ಮಾಡುವುದೇ ಕಷ್ಟ, ಇದು ಹತ್ತು ವರ್ಷ ದಿನಾ ಹೊಸ ಎದುರಾಳಿಯ ಮುಂದೆ!

ಇಷ್ಟೇ ಆಗಿದ್ದರೆ, "ಹೆಂಗಸರಲ್ಲಿ ಜಾಣೆ" ಎಂದು ಒಂದು ಹೊಗಳಿಕೆಯಲ್ಲಿ ಮುಗಿಸಬಹುದಿತ್ತು. ಆ ಮಾತು ನಮಗೆ ಚೆನ್ನಾಗಿ ಗೊತ್ತಲ್ಲ. ಬಾದುಕಿನಲ್ಲಿ ಹೆಂಗಸರಿಗೆಂದೇ ಪಂದ್ಯಗಳಿವೆ. ಆದರೆ ಮಿಕ್ಕ ದೊಡ್ಡ ಪಂದ್ಯಗಳು ಗಂಡಸರವು ಎಂದು ಎಲ್ಲೂ ಬರೆದಿಲ್ಲ, ಅವು ಎಲ್ಲರಿಗೂ ತೆರೆದಿವೆ. ಕೊನೆಯ ಸುತ್ತಿನವರೆಗೆ ಹೆಂಗಸು ಬಂದಿರಲಿಲ್ಲ, ಅಷ್ಟೇ.

2022ರಲ್ಲಿ ಸ್ಯಾಮ್‌ಸಂಗ್ ಕಪ್. ಹೌದು, ನಮ್ಮ ಟಿ.ವಿ., ಫ್ರಿಜ್ಜಿನ ಸ್ಯಾಮ್‌ಸಂಗ್ ಹೆಸರಿನದೇ. ಕೊರಿಯಾ, ಚೀನಾ, ಜಪಾನಿನ ಘಟಾನುಘಟಿಗಳು ಬರುವ ಪಂದ್ಯ. ಒಬ್ಬೊಬ್ಬರಿಗೆ ಎರಡೆರಡು ಗಂಟೆ, ಅದು ಮುಗಿದ ಮೇಲೆ ಒಂದೊಂದು ನಿಮಿಷದ ಐದು ಕಂತು. ಕೊರೊನಾ ಭಯ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಅವರವರ ದೇಶದಲ್ಲೇ ಕೂತು ಕಂಪ್ಯೂಟರಿನಲ್ಲಿ ಆಡಿದರು. 32 ಜನರ ಸುತ್ತಿನಲ್ಲಿ ಚೋಯ್ ಜಂಗ್ ಜಪಾನಿನ ಸಾದಾ ಅತ್ಸುಶಿಯನ್ನು ಸೋಲಿಸಿದಳು. ಆಮೇಲೆ ಚೀನಾದ ಶು ಜಿಯಾಯಾಂಗ್. ಆಮೇಲೆ ಚೀನಾದವನೇ ಯಾಂಗ್ ಡಿಂಗ್‌ಶಿನ್, ಅವನು 2019ರಲ್ಲಿ ಎಲ್‌ಜಿ ಕಪ್ ಎಂಬ ವಿಶ್ವ ಪಟ್ಟವನ್ನೇ ಗೆದ್ದವನು. ಸೆಮಿಫೈನಲಿನಲ್ಲಿ ತನ್ನ ದೇಶದವನೇ ಆದ ಬ್ಯುನ್ ಸಾಂಗಿಲ್. ಅವನೂ ಸೋತ. ಹೀಗೆ ನಾಲ್ಕು ಜನ ಗಂಡಸರನ್ನು ಸಾಲಾಗಿ ಸೋಲಿಸಿ, ಬಾದುಕಿನ ದೊಡ್ಡ ಅಂತಾರಾಷ್ಟ್ರೀಯ ಮುಕ್ತ ಪಂದ್ಯದ ಫೈನಲಿಗೆ ಬಂದ ಮೊಟ್ಟಮೊದಲ ಹೆಂಗಸಾದಳು. ಫೈನಲಿನಲ್ಲಿ ಎದುರಿಗೆ ಶಿನ್ ಜಿನ್‌ಸೋ, ಆ ಹೊತ್ತಿಗೆ ಜಗತ್ತಿನ ನಂಬರ್ ಒನ್. ಮೂರು ಆಟದ ಫೈನಲು. ಎರಡು ಆಟ ಸತತವಾಗಿ ಸೋತಳು.

ಮಗಳು ಓದಿ ಹೇಳಿದಾಗ ನಾನು ಲಟ್ಟಣಿಗೆ ಕೆಳಗಿಟ್ಟು, "ಛೇ!" ಎಂದೆ. ಎರಡನೆಯವಳಿಗೆ ಬಂದ ಬಹುಮಾನ ಹತ್ತು ಕೋಟಿ ವಾನ್, ನಮ್ಮ ಲೆಕ್ಕದಲ್ಲಿ ಸುಮಾರು 60 ಲಕ್ಷ ರೂಪಾಯಿ. ನಮ್ಮವರು ಪೇಪರಿನ ಹಿಂದಿನಿಂದ, "ಅದಕ್ಕೇನು ಛೇ ಅಂತೀಯ" ಎಂದರು. ಅವರಿಗೆ ಅರ್ಥವಾಗಲಿಲ್ಲ.

ಸೋದರಿಯರೆ, ನನ್ನನ್ನು ಹಿಡಿದಿಟ್ಟಿದ್ದು ಆ ನಾಲ್ಕು ಗೆಲುವೂ ಅಲ್ಲ, ಎರಡು ಸೋಲೂ ಅಲ್ಲ. ಅವಳು ಅಲ್ಲಿ ಹೋಗಿ ಕೂತದ್ದು ಹೇಗೆ ಎಂಬುದು. ಹಿಂದೆ ಇನ್ನೊಬ್ಬಳು ಹೆಂಗಸು ಆ ಜಾಗಕ್ಕಾಗಿ ಹತ್ತು ವರ್ಷ ದೇಶದೇಶ ಅಲೆದಿದ್ದಾಳೆ.

ಅವಳು ರುಯ್ ನೈವೇ. ಚೀನಾದವಳು, 1963ರಲ್ಲಿ ಶಾಂಘೈಯಲ್ಲಿ ಹುಟ್ಟಿದವಳು. 1988ರಲ್ಲಿ ಒಂಬತ್ತನೇ ದಾನ್ ಪಡೆದಳು. ಜಗತ್ತಿನಲ್ಲಿ ಆ ಮೆಟ್ಟಿಲು ಹತ್ತಿದ ಮೊದಲ ಹೆಂಗಸು ಅವಳೇ. ಅದಕ್ಕೂ ಮುಂಚೆ ಚೀನಾ-ಜಪಾನ್ ಪಂದ್ಯವೊಂದರ ಪ್ರಯಾಣದಲ್ಲಿ ಹಡಗಿನಲ್ಲಿದ್ದಾಗ, ಜಪಾನಿ ಆಟಗಾರರ ಕೋಣೆಗೆ ಹೋಗಿದ್ದಳೆಂದು ಶಿಸ್ತಿನ ತಕರಾರು ಎದ್ದಿತ್ತು. ಆಟಗಾರರು ಸೇರಿದರೆ ಆಡುತ್ತಾರೆ, ಇನ್ನೇನು ಮಾಡುತ್ತಾರೆ? ಆದರೆ ಹೆಣ್ಣು ಹೋದರೆ ಆಟಕ್ಕೆ ಹೋದಳು ಎಂದು ಯಾರು ನಂಬುತ್ತಾರೆ ಹೇಳಿ. ಬೇಸತ್ತು ದೇಶ ಬಿಟ್ಟಳು. ಜಪಾನಿಗೆ ಹೋದರೆ ಅಲ್ಲಿಯವರು ವೃತ್ತಿ ಪಂದ್ಯದಲ್ಲಿ ಆಡಲು ಬಿಡಲಿಲ್ಲ. ಅಲ್ಲೇ ನೆಲೆಸಿದ್ದ ಮಹಾಗುರು ವೂ ಚಿಂಗ್‌ಯುವಾನ್ ಅವಳನ್ನು ಶಿಷ್ಯೆಯಾಗಿ ಸೇರಿಸಿಕೊಂಡರು. ಕಲಿಯಬಹುದು, ಆಡುವ ಹಾಗಿಲ್ಲ. ಅಡುಗೆ ಕಲಿಸಿ ಒಲೆ ಕೊಡದ ಹಾಗೆ! ದೇಶವೆಲ್ಲ ಸೇರದಿದ್ದರೂ 1992ರಲ್ಲಿ ಇಂಗ್ ಕಪ್ ಎಂಬ ವಿಶ್ವ ಪಂದ್ಯಕ್ಕೆ ಕರೆ ಬಂತು. ಅಲ್ಲಿ ಕೊರಿಯಾದ ಬಾಲ ಪ್ರತಿಭೆ ಲೀ ಚಾಂಗ್‌ಹೋನನ್ನು ಸೋಲಿಸಿ ಸೆಮಿಫೈನಲ್ ಮುಟ್ಟಿದಳು. ಅಂದ ಹಾಗೆ, ನಮ್ಮ ಧಾರಾವಾಹಿಯ ಮೌನಿ ಹುಡುಗನ ಪಾತ್ರಕ್ಕೆ ಈ ಲೀ ಚಾಂಗ್‌ಹೋನೇ ಮಾದರಿಯಂತೆ. ಅದೇ ವರ್ಷ ರುಯ್ ತನ್ನಂತೆಯೇ ದೇಶ ಬಿಟ್ಟಿದ್ದ ಆಟಗಾರ ಜಿಯಾಂಗ್ ಜುಜಿಯೂನನ್ನು ಮದುವೆಯಾದಳು. ಇಬ್ಬರೂ ಆಮೇಲೆ ಅಮೆರಿಕದಲ್ಲಿದ್ದರು. ಆಗ ಅಲ್ಲಿ ಬಾದುಕಿನ ವೃತ್ತಿಯೇ ಇರಲಿಲ್ಲ.

ಒಂಬತ್ತನೇ ದಾನ್ ಕೈಯಲ್ಲಿದೆ, ಕೂರಲು ಹಲಗೆ ಇಲ್ಲ. ಇದು ಒಂದು ದಿನ ಎರಡು ದಿನವಲ್ಲ. ಅವಳ ಮೂವತ್ತರ ಆಸುಪಾಸಿನ, ಆಟಗಾರರಿಗೆ ಚಿನ್ನದಂಥ ವರ್ಷಗಳು ಹೀಗೇ ಹೋದವು.

1999ರಲ್ಲಿ ಕೊರಿಯಾದವರು ಗಂಡ ಹೆಂಡತಿ ಇಬ್ಬರಿಗೂ ತಮ್ಮಲ್ಲಿ ಆಡಲು ಅವಕಾಶ ಕೊಟ್ಟರು. ಕೊರಿಯಾದ ಅತಿ ಹಳೆಯ ಪಟ್ಟಗಳಲ್ಲಿ ಒಂದು 'ಗುಕ್ಸು', 1956ರಿಂದ ನಡೆದುಬಂದದ್ದು. ಗುಕ್ಸು ಎಂದರೆ ನಾಡಿನ ಕೈ ಎಂದರ್ಥ. ನಾವು ಕೈಗುಣ ಎನ್ನುತ್ತೇವಲ್ಲ, ಅಂಥ ಮರ್ಯಾದೆಯ ಮಾತು. ಬಂದ ಮರುವರ್ಷವೇ, 2000ದಲ್ಲಿ, ರುಯ್ ಮೊದಲು ಲೀ ಚಾಂಗ್‌ಹೋನನ್ನು, ಆಮೇಲೆ ಅವನ ಗುರು, ಕೊರಿಯಾದ ದೊಡ್ಡ ಆಟಗಾರ ಚೋ ಹೂನ್‌ಹ್ಯುನ್ ಅವರನ್ನು 2-1ರಿಂದ ಸೋಲಿಸಿ ಆ ಪಟ್ಟವನ್ನು ಗೆದ್ದುಬಿಟ್ಟಳು. ಆಗ ಅವಳಿಗೆ 36 ವರ್ಷ. ನಾಡಿನ ಕೈ ಎಂಬ ಬಿರುದು ಹೊರನಾಡಿನ ಒಬ್ಬ ಗೃಹಿಣಿಗೆ!

ಅಲ್ಲಿಂದ ಹನ್ನೆರಡು ವರ್ಷದ ಹತ್ತಿರ ಅವಳು ಕೊರಿಯಾದಲ್ಲೇ ಆಡಿದಳು. ಹೆಂಗಸರ ಪಟ್ಟಗಳನ್ನೆಲ್ಲ ಬಾಚಿಕೊಂಡಳು. ಅಲ್ಲಿಯ ಹುಡುಗಿಯರಿಗೆ ಮೊದಲು ಇದು ನಷ್ಟವೇ. ಬಂದ ನೆಂಟಳು ಮನೆಯ ಮಕ್ಕಳ ತಟ್ಟೆಯ ಹೋಳಿಗೆ ತಿಂದ ಹಾಗೆ. ಆದರೆ ಅವಳ ಕೈಲಿ ಸೋತೂ ಸೋತೂ ಅವರೂ ಬೆಳೆದರು. 2008ರಲ್ಲಿ ಪಾರ್ಕ್ ಜೀಯುನ್ ಕೊರಿಯಾದ ಹೆಣ್ಣುಮಕ್ಕಳಲ್ಲಿ ಮೊದಲ ಒಂಬತ್ತನೇ ದಾನ್ ಆದಳು, 2010ರಲ್ಲಿ ಚೋ ಹೇಯನ್.

ಈ ಚೋ ಹೇಯನ್ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. 1997ರಲ್ಲಿ 11 ವರ್ಷಕ್ಕೇ ವೃತ್ತಿ ಆಟಗಾರ್ತಿ. ಫೈನಲಿಗೆ ಬಂದಾಗಲೆಲ್ಲ ಎದುರಿಗೆ ರುಯ್, ಎಷ್ಟೋ ಸಲ ಎರಡನೆಯವಳಾಗಿಯೇ ಉಳಿದಳು. ಆಡುತ್ತಲೇ ಕಾಲೇಜಿಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿದಳು. (ಚಿಂತಾಮಣಿಯ ಸೋದರಿ, ಇದನ್ನು ಗಮನಿಸಿ.) ಕ್ರೈಸ್ತಳು, ಭಾನುವಾರ ಪಂದ್ಯ ಇಟ್ಟರೆ ಆಡುವುದಿಲ್ಲ, ಎಂಥ ದೊಡ್ಡ ಪಂದ್ಯವಾದರೂ ಸರಿ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹೆಂಗಸರ ತಂಡಕ್ಕೆ ಬಂದ ಚಿನ್ನದಲ್ಲಿ ಅವಳ ಪಾಲಿದೆ. ಹೆಣ್ಣುಮಕ್ಕಳ ತಾಯಂದಿರಿಗೆ ಇರುವ ಭಯವೂ ಅವಳ ಬಾಳಿನಲ್ಲಿ ಬಂದುಹೋಗಿದೆ. ಅವಳು ಮಕ್ಕಳಿಗೆ ಬಾದುಕ್ ಹೇಳಿಕೊಡುವ ಜಾಗಕ್ಕೆ ಒಬ್ಬ ಅಪರಿಚಿತ ಬಂದು ಬಂದು ಒಂದು ವರ್ಷ ಕಾಟ ಕೊಟ್ಟ. ದೂರು ಕೊಟ್ಟರೆ ಸಣ್ಣ ದಂಡ ಹಾಕಿ ಬಿಡುವ ಕಾಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲಿಲ್ಲ ಅವಳು. 2020ರಲ್ಲಿ ಸರ್ಕಾರಕ್ಕೆ ಬಹಿರಂಗ ಮನವಿ ಕೊಟ್ಟು ದೇಶದ ಮುಂದೆ ಇಟ್ಟಳು. ಅವನಿಗೆ ಜೈಲಾಯಿತು. ಇಂಥ ಬೆನ್ನಟ್ಟುವಿಕೆಗೆ ಕಠಿಣ ಶಿಕ್ಷೆ ಕೊಡುವ ಕಾನೂನು 2021ರಲ್ಲಿ ಬಂತು. ಅದಕ್ಕೆ ಬೇರೆ ಹೆಣ್ಣುಮಕ್ಕಳ ದೂರುಗಳೂ ಕಾರಣ, ಆದರೆ ಅವಳ ದನಿಯೂ ಅದರಲ್ಲಿತ್ತು.

ಚೋಯ್ ಜಂಗ್ ವೃತ್ತಿಗೆ ಕಾಲಿಟ್ಟ 2010ರಲ್ಲಿ ಈ ಅಕ್ಕಂದಿರೆಲ್ಲ ಹಲಗೆಯ ಮುಂದೆ ಇದ್ದರು. ರುಯ್ ಕೂಡ ಇನ್ನೂ ಕೊರಿಯಾದಲ್ಲೇ ಇದ್ದಳು. 13 ವರ್ಷದ ಹುಡುಗಿಗೆ ಬೇರೆ ಪಾಠಶಾಲೆ ಬೇಕೇ! 2019ರಲ್ಲೂ 2021ರಲ್ಲೂ ಚೋಯ್ ಗೆದ್ದ ಹೆಂಗಸರ ವಿಶ್ವ ಪಂದ್ಯದ ಹೆಸರು ವೂ ಚಿಂಗ್‌ಯುವಾನ್ ಕಪ್. ರುಯ್‌ಗೆ ಯಾರೂ ಹಲಗೆ ಕೊಡದಿದ್ದ ಕಾಲದಲ್ಲಿ ಪಾಠ ಹೇಳಿದ ಅದೇ ಗುರುವಿನ ಹೆಸರು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. 2015ರಿಂದ ಕೊರಿಯಾದಲ್ಲಿ ಹೆಂಗಸರ ಬಾದುಕ್ ಲೀಗ್ ನಡೆಯುತ್ತಿದೆ. ನಮ್ಮ ಐ.ಪಿ.ಎಲ್. ಥರ ತಂಡಗಳು. ಆದರೆ ಹುಲಿ ಸಿಂಹ ಎಂಬ ಹೆಸರಿಲ್ಲ, ಊರಿನಲ್ಲಿ ಏನು ಸಿಗುತ್ತದೋ ಅದರ ಹೆಸರು! ಚೋಯ್ ತನ್ನ ಊರಿನ 'ಬೊರಿಯೊಂಗ್ ಮಡ್' ತಂಡಕ್ಕೆ ಆಡಿದಳು. ಮಡ್ ಎಂದರೆ ಕೆಸರು, ಮುಖಕ್ಕೆ ಹಚ್ಚಿಕೊಳ್ಳುವ ಆ ಕಡಲ ಕೆಸರಿಗೆ ಊರು ಹೆಸರುವಾಸಿ. ಬುಆನ್ ಎಂಬ ಊರಿನ ತಂಡಕ್ಕೆ ಗೊಮ್ಸೊ ಉಪ್ಪಿನ ಹೆಸರಿತ್ತು. ನಾನು ಮಗಳಿಗೆ ಹೇಳಿದೆ, ನಮ್ಮಲ್ಲೂ ಚೆಸ್ಸಿಗೆ ಹೀಗೆ ಮಾಡಲಿ. ಬ್ಯಾಡಗಿ ಮೆಣಸಿನಕಾಯಿ ತಂಡ, ಚನ್ನಪಟ್ಟಣದ ಗೊಂಬೆ ತಂಡ, ನಂಜನಗೂಡು ರಸಬಾಳೆ ತಂಡ. ದೇವನಹಳ್ಳಿ ಚಕೋತ ತಂಡಕ್ಕೆ ಬೇಕಾದರೆ ನಾನೇ ಅಡುಗೆಗೆ ಹೋಗುತ್ತೇನೆ. ನಗು ಹಾಗಿರಲಿ, ಊರಿನ ಹೆಸರು ಹೊತ್ತು ಆಡುವ ಹುಡುಗಿಗೆ ಊರು "ಸಾಕು ಬಾ ಒಳಗೆ" ಎನ್ನುವುದಿಲ್ಲ. ಆಟಕ್ಕೆ ಸಂಭಾವನೆಯಿದೆ, ವರ್ಷಕ್ಕೊಂದು ಸಲ ಬರುವ ಕಪ್ಪಿಗೆ ಕಾಯಬೇಕಾಗಿಲ್ಲ.

ಈಗ ಚೋಯ್‌ಗೂ ತಂಗಿಯಂಥವಳು ಬಂದಿದ್ದಾಳೆ. ಕಿಮ್ ಯುಂಜೀ, 2007ರಲ್ಲಿ ಹುಟ್ಟಿದವಳು. 2023ರ ಡಿಸೆಂಬರಿನಲ್ಲಿ ಹೆಂಗಸರ ಕಿಸಂಗ್ ಪಟ್ಟದ ಫೈನಲಿನಲ್ಲಿ ಚೋಯ್‌ಯನ್ನೇ 2-1ರಿಂದ ಸೋಲಿಸಿದಳು, 16 ವರ್ಷಕ್ಕೇ ಒಂಬತ್ತನೇ ದಾನ್ ಆದಳು. ಅಕ್ಕ 21ಕ್ಕೆ ಹತ್ತಿದ ಮೆಟ್ಟಿಲು ಅದು. ಅಕ್ಕನಿಗೆ ಹೊಟ್ಟೆ ಚುರ್ ಎಂದಿರಬೇಕು. ನಮಗೂ ಸೊಸೆ ಮಾಡಿದ ಬಿಸಿಬೇಳೆಬಾತನ್ನು ನೆಂಟರು ಹೊಗಳಿದಾಗ ಆಗುತ್ತದಲ್ಲ.

ಇಷ್ಟೆಲ್ಲ ಹೇಳಿ ಚಿಂತಾಮಣಿಯ ಸೋದರಿಗೆ ಉತ್ತರವೇನು? ಕೊರಿಯಾ ಬೇರೆ, ನಾವು ಬೇರೆ ಎಂದು ಅವರು ಹೇಳಬಹುದು. ಸರಿಯಾದ ಮಾತೇ. ಅಲ್ಲಿ ಆಟ ಒಂದು ಉದ್ಯೋಗ, ಇಲ್ಲಿ ಬಹುಪಾಲು ಮಕ್ಕಳಿಗೆ ಹಾಗಲ್ಲ. ನಿಮ್ಮ ಮಗಳು ಚೆಸ್ಸಿನಿಂದಲೇ ಬದುಕುತ್ತಾಳೆ ಎಂದು ನಾನು ಹೇಳಿದರೆ ಅದು ಸುಳ್ಳಾದೀತು. ಆದರೆ ನಮ್ಮ ಪಕ್ಕದ ಆಂಧ್ರದ ಕೊನೇರು ಹಂಪಿಯನ್ನು ನೋಡಿ. ತಂದೆಯೇ ಗುರು. 2002ರಲ್ಲಿ 15 ವರ್ಷಕ್ಕೆ ಗ್ರ್ಯಾಂಡ್‌ಮಾಸ್ಟರ್. ಓ.ಎನ್.ಜಿ.ಸಿ.ಯಲ್ಲಿ ನೌಕರಿ ಸಿಕ್ಕಿದ್ದೂ ಚೆಸ್ಸಿನಿಂದಲೇ. ಮದುವೆಯಾಯಿತು, 2017ರಲ್ಲಿ ಮಗಳು ಹುಟ್ಟಿದಳು, ಆಟ ಬಿಟ್ಟು ಮಗುವಿನ ಜೊತೆ ಇದ್ದರು. ಮುಗಿಯಿತು ಎಂದವರಿಗೆಲ್ಲ 2019ರಲ್ಲಿ ಮಾಸ್ಕೋದಲ್ಲಿ ವಿಶ್ವ ರ‍್ಯಾಪಿಡ್ ಪಟ್ಟ ಗೆದ್ದು ತೋರಿಸಿದರು. 2024ರಲ್ಲಿ ನ್ಯೂಯಾರ್ಕಿನಲ್ಲಿ ಮತ್ತೊಮ್ಮೆ ಗೆದ್ದರು, ಆಗ ಅವರಿಗೆ 37. ಎರಡು ವರ್ಷ ನಿಲ್ಲಿಸಿದ್ದು ಅವರೇ, ಮತ್ತೆ ಶುರುಮಾಡಿದ್ದೂ ಅವರೇ.

ಆದ್ದರಿಂದ ತಂಗೀ, ನನಗೆ ತೋಚಿದ್ದು ಹೇಳುತ್ತೇನೆ. ಬೋರ್ಡನ್ನು ಅಟ್ಟದಿಂದ ಇಳಿಸಿ. ನೀವೇ ಏಣಿ ಹಾಕಿ ಇಳಿಸಿ, ಅವಳ ಕೈಲಿ ಇಳಿಸಬೇಡಿ. ಪಿ.ಯು.ಸಿ. ಎರಡು ವರ್ಷ ಓದು ಹೆಚ್ಚು ಎಂಬುದು ನಿಜ, ಅದಕ್ಕೆ ಪಂದ್ಯಗಳನ್ನು ಕಮ್ಮಿ ಮಾಡಿಕೊಳ್ಳಲಿ, ದಿನಾ ಒಂದು ಗಂಟೆ ಅಭ್ಯಾಸ ಇರಲಿ. ಯಾವ ಪಂದ್ಯಕ್ಕೆ ಹೋಗಬೇಕು, ಯಾವುದು ಬಿಡಬೇಕು ಎಂದು ಅವಳೇ ಆರಿಸಲಿ. ಕಾಲೇಜಿನ ಪ್ರಿನ್ಸಿಪಾಲರನ್ನು ಮೊದಲೇ ಕಂಡು ಹಾಜರಿಯ ವಿಷಯ ಮಾತಾಡಿಕೊಳ್ಳಿ. ಗಂಡು ಹುಡುಗರ ಎದುರು ಆಡುವುದೇ ಮನೆಯವರಿಗೆ ಸಂಕಟವಾದರೆ, ಒಂದೆರಡು ಸಲ ನೀವು ಜೊತೆಗೆ ಹೋಗಿ ಕೂರಿ, ಉಣ್ಣೆ ಹೆಣೆಯುತ್ತಾ ಕೂತರೂ ಆಯಿತು. ಅಲ್ಲಿ ಎರಡೂ ಕಡೆಯವರು ತಲೆ ಎತ್ತದೆ ಹಲಗೆ ನೋಡುತ್ತಿರುವುದನ್ನು ನೀವೇ ಕಣ್ಣಾರೆ ಕಂಡರೆ ಮನೆಯಲ್ಲಿ ಹೇಳುವುದು ಸುಲಭ. ನಿಮ್ಮ ಯಜಮಾನರನ್ನೂ ಒಂದು ದಿನ ಕರೆದುಕೊಂಡು ಹೋಗಿ, ತಪ್ಪೇನಿಲ್ಲ. ಗೆಲ್ಲದಿದ್ದರೂ ಬೈಯಬೇಡಿ. "ಇಷ್ಟು ಖರ್ಚು ಮಾಡಿ" ಎಂಬ ಮಾತಂತೂ ಬೇಡವೇ ಬೇಡ.

ನೀವು ಸರಿಯೇ ಎಂದು ಕೇಳಿದಿರಿ. ಹೆದರಿಕೆಯಿಂದ ಮಾಡಿದಿರಿ, ಮಗಳ ಒಳ್ಳೆಯದಕ್ಕೇ ಮಾಡಿದಿರಿ. ನಮ್ಮ ಅಮ್ಮನೂ ಹಾಗೇ ಮಾಡಿದ್ದು. ನಾನು ಅಮ್ಮನನ್ನು ಯಾವತ್ತೂ ದೂರಿಲ್ಲ. ಆದರೆ ಇಷ್ಟು ವರ್ಷದ ಮೇಲೂ ಪಾರ್ಕಿನಲ್ಲಿ ಆ ಬೆಂಚಿನ ಪಕ್ಕ ಹಾದುಹೋಗುವಾಗ ನನ್ನ ಕಣ್ಣು ಹಲಗೆಯ ಮೇಲೆ ಹೋಗುತ್ತದೆ.

ಇನ್ನು ಆಡಿ ನೋಡಬೇಕೆನ್ನುವ ಸೋದರಿಯರಿಗೆ ಒಂದು ಮಾತು. 19 ಸಾಲು ಮೊದಲಿಗೆ ಬೇಡ, ತಲೆ ಸುತ್ತುತ್ತದೆ. ಹೊಸಬರು ಅಲ್ಲಿಯೂ 9 ಸಾಲಿನ ಸಣ್ಣ ಹಲಗೆಯಲ್ಲೇ ಕಲಿಯುತ್ತಾರೆ. 9 ಚುಕ್ಕಿ 9 ಸಾಲು ರಂಗೋಲಿಯಲ್ಲಿ ಹಾಕಿ, ಇಲ್ಲವೇ ಹಳೆ ರಟ್ಟಿನ ಮೇಲೆ ಸ್ಕೇಲ್ ಇಟ್ಟು ಎಳೆಯಿರಿ. ಕರಿ ಕಲ್ಲಿಗೆ ತೊಳೆದು ಒಣಗಿಸಿದ ಹುಣಸೆಬೀಜ, ಬಿಳಿಗೆ ಒಣಗಿದ ಅವರೆಕಾಳು. ನಲವತ್ತು ನಲವತ್ತು ಇದ್ದರೆ ಧಾರಾಳ. ಹುಣಸೆಬೀಜದವರು ಮೊದಲು ಇಡಬೇಕು. ನಾಲ್ಕೂ ದಿಕ್ಕು ಮುಚ್ಚಿದ ಕಾಳನ್ನು ಎತ್ತಿ ಬಟ್ಟಲಿಗೆ ಹಾಕುವುದು. ಮೂಲೆಯಲ್ಲಿ ಎರಡೇ ದಿಕ್ಕು ಇರುವುದರಿಂದ ಅಲ್ಲಿ ಬೇಗ ಸಾಯುತ್ತದೆ, ಆದರೆ ಮನೆ ಕಟ್ಟುವುದೂ ಮೂಲೆಯಲ್ಲೇ ಸುಲಭ. ಇಬ್ಬರಿಗೂ ಇನ್ನು ಇಡುವ ಜಾಗವಿಲ್ಲ ಎನಿಸಿದಾಗ ನಿಲ್ಲಿಸಿ ಒಳಗಿನ ಖಾಲಿ ಚುಕ್ಕಿಗಳನ್ನು ಎಣಿಸುವುದು.

ಮೊನ್ನೆ ಅಮಾವಾಸ್ಯೆ ಮಧ್ಯಾಹ್ನ ನಾನೂ ಅತ್ತೆಯವರೂ ಹಾಲಿನಲ್ಲಿ ಹರವಿಕೊಂಡು ಕೂತೆವು. ಮೊದಲ ಎರಡು ಆಟ ನಾನು ಗೆದ್ದೆ. ಮೂರನೆಯದರಲ್ಲಿ ಅವರು ಒಂದು ಮೂಲೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅವರೆಕಾಳು ಇಡುತ್ತಾ ನನ್ನ ಏಳು ಹುಣಸೆಬೀಜವನ್ನು ಒಟ್ಟಿಗೆ ಎತ್ತಿಕೊಂಡರು. ಒಲೆಯ ಮೇಲೆ ಹಾಲು ಉಕ್ಕಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನಮ್ಮವರು ಎದ್ದು ಹೋಗಿ ಗ್ಯಾಸ್ ಆರಿಸಿದರು.

ಚಿಂತಾಮಣಿಯ ಸೋದರಿ, ಮಗಳ ಮುಂದಿನ ಪಂದ್ಯ ಮುಗಿದ ಮೇಲೆ ನನಗೊಂದು ಕಾಗದ ಬರೆಯಿರಿ. ಮರೆಯಬೇಡಿ.